‘ಅಮೆರಿಕನ್ ಫುಟ್‌ಬಾಲ್’ ಆಲ್ಬಂ ಹಿಡಿಸಬೇಕಾ? ಹೀಗೆ ಕೇಳಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೂ ಆಟಕ್ಕೂ ಸಂಬಂಧ ಇಲ್ಲ. ಅಮೆರಿಕನ್ ಫುಟ್‌ಬಾಲ್ ಅನ್ನೋದು ಒಂದು ಬ್ಯಾಂಡ್. ಇಲಿನಾಯ್ ರಾಜ್ಯದ ಅರ್ಬಾನಾ-ಶಾಂಪೇನ್‌ನಲ್ಲಿ ಕಾಲೇಜು ಓದುತ್ತಿದ್ದ ಮೂರು ಹುಡುಗರು ಕಟ್ಟಿದ್ದು. ಹಾಡು, ಗಿಟಾರ್, ಬೇಸ್ ಮೈಕ್ ಕಿನ್ಸೆಲ್ಲಾದು. ಇನ್ನೊಂದು ಗಿಟಾರ್ ಸ್ಟೀವ್ ಹೋಮ್ಸ್‌ದು. ಡ್ರಮ್ಸ್ ಜೊತೆಗೆ ಟ್ರಂಪೆಟ್ಟೂ ಸ್ಟೀವ್ ಲೇಮೋಸ್‌ದು. 1999ರ ಸೆಪ್ಟೆಂಬರ್‌ನಲ್ಲಿ ಪಾಲಿವಿನೈಲ್ ಅನ್ನೋ ರೆಕಾರ್ಡ್ ಕಂಪನಿ ಆಲ್ಬಂ ತಂದಿತು, ಅದಕ್ಕೂ ಬ್ಯಾಂಡಿನ ಹೆಸರೇ. ಆಮೇಲೆ ಸ್ವಲ್ಪ ದಿನಕ್ಕೇ ಬ್ಯಾಂಡ್ ಮುಗಿಯಿತು.

ನಾನು ಮೊದಲ ಸಲ ಮೂರನೇ ಹಾಡಿಗೇ ನಿಲ್ಲಿಸಿಬಿಟ್ಟೆ. ‘ಇವನಿಗೆ ಹಾಡೋಕೇ ಬರಲ್ಲ’ ಅಂತ ಅಂದುಕೊಂಡೆ. ಹಾಡು ಅಂದ ಮೇಲೆ ದನಿ ಮುಂದೆ, ವಾದ್ಯ ಹಿಂದೆ ಅಂತ ನಮ್ಮ ಕಿವಿಗೆ ರೂಢಿ ಅಲ್ವಾ? ಇಲ್ಲಿ ಅದು ಉಲ್ಟಾ. ದನಿ ಪಕ್ಕದ ರೂಮಿನಿಂದ ಬಂದ ಹಾಗೆ ಬರುತ್ತದೆ, ನಿಜವಾದ ಮಾತುಕತೆ ಎರಡು ಗಿಟಾರ್‌ಗಳ ನಡುವೆ ನಡೆಯುತ್ತಿರುತ್ತದೆ.

ಹಾಗಾಗಿ ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಹೆಡ್‌ಫೋನ್ ಹಾಕಿ, ಎರಡೂ ಕಿವಿಗೆ. ಮೊದಲ ಹಾಡು ‘ನೆವರ್ ಮೆಂಟ್’ ಒಂದನ್ನೇ ಮೂರು ಸಲ ಕೇಳಿ. ಶುರುವಿನಲ್ಲಿ ಸ್ಟುಡಿಯೋದ ಮಾತು, ಸದ್ದು ಹಾಗೇ ಉಳಿದಿವೆ, ಅದನ್ನು ದಾಟಿಸಬೇಡಿ. ಮೊದಲ ಸಲ ಗಿಟಾರ್ ಮಾತ್ರ ಕೇಳಿಸಿಕೊಳ್ಳಿ. ಎರಡನೇ ಸಲ ಡ್ರಮ್ಸ್. ತೊಡೆ ಮೇಲೆ ತಾಳ ಹಾಕಲು ನೋಡಿ, ಸುಮ್ನೆ. ಕೈ ತಪ್ಪಿದರೆ ಬೇಜಾರು ಬೇಡ, ನನಗೂ ತಪ್ಪುತ್ತದೆ. ಮೂರನೇ ಸಲಕ್ಕೆ ದನಿ ತಾನಾಗಿ ಒಳಗೆ ಬರುತ್ತದೆ, ಆಗ ಆ ಹುಡುಗ ಸೊಗಸಾಗಿ ಹಾಡಲು ಹೊರಟೇ ಇಲ್ಲ, ಬಿಟ್ಟುಹೋದ ಸಂಬಂಧವನ್ನು ತನ್ನಷ್ಟಕ್ಕೇ ಗೊಣಗಿಕೊಳ್ಳುತ್ತಿದ್ದಾನೆ ಅಂತ ಗೊತ್ತಾಗುತ್ತದೆ.

ಮನೆಯಲ್ಲಿ ಗಿಟಾರ್ ಇದ್ದರೆ ಇನ್ನೂ ಒಳ್ಳೇದು. ಈ ಹಾಡಿನ ಶ್ರುತಿ, ದಪ್ಪ ತಂತಿಯಿಂದ ತೆಳು ತಂತಿವರೆಗೆ, ಎಫ್-ಎ-ಸಿ-ಜಿ-ಸಿ-ಇ. ಮಾಮೂಲಿ ಶ್ರುತಿಯಿಂದ ಮೂರೇ ತಂತಿ ಬದಲಾಯಿಸಬೇಕು: ಎಲ್ಲಕ್ಕಿಂತ ದಪ್ಪದ ತಂತಿ ಅರ್ಧ ಸ್ವರ ಮೇಲೆ, (ತೆಳು ತಂತಿಯಿಂದ ಎಣಿಸಿದರೆ) ನಾಲ್ಕನೇದು ಒಂದು ಸ್ವರ ಕೆಳಗೆ, ಎರಡನೇದು ಅರ್ಧ ಸ್ವರ ಮೇಲೆ. ಮೆಲ್ಲಗೆ ಬಿಗಿ ಮಾಡಿ, ಹಳೇ ತಂತಿ ಆದರೆ ಟಪ್ ಅಂತ ಹೋಗುತ್ತದೆ. ಈಗ ಎಲ್ಲೂ ಬೆರಳಿಡದೆ ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ. ಆಲ್ಬಮ್ಮಿನ ಬಣ್ಣದ ಅರ್ಧ ಭಾಗ ಅಲ್ಲೇ ಕೇಳಿಸುತ್ತದೆ, ನೀವಿನ್ನೂ ಏನೂ ನುಡಿಸಿಯೇ ಇಲ್ಲ!

ಇಷ್ಟಾದ ಮೇಲೆ ಇಡೀ ಆಲ್ಬಂ ಹಾಕಿ. ಒಂಬತ್ತು ಹಾಡು, ಮುಕ್ಕಾಲು ಗಂಟೆಯೂ ಆಗಲ್ಲ. ಶಫಲ್ ಬೇಡವೇ ಬೇಡ. ‘ದ ಸಮ್ಮರ್ ಎಂಡ್ಸ್’ನಲ್ಲಿ ಟ್ರಂಪೆಟ್ ಬಂದಾಗ ಕೆಲಸ ಬಿಟ್ಟು ಕೇಳಿ. ನಾನು ರಾತ್ರಿ ಪಾತ್ರೆ ತೊಳೆಯುತ್ತಾ ಕೇಳುತ್ತಿದ್ದೆ, ಅಲ್ಲಿಗೆ ಬಂದಾಗ ನಲ್ಲಿ ನಿಲ್ಲಿಸಿ ಸೋಪಿನ ಕೈಯಲ್ಲೇ ನಿಂತುಬಿಟ್ಟೆ. ‘ಸ್ಟೇ ಹೋಮ್’ ಎಂಟು ನಿಮಿಷದ್ದು, ಮಾತು ಬರುವುದೇ ತುಂಬಾ ತಡವಾಗಿ. ಇಲ್ಲಿ ಜಾಸ್ತಿ ಜನ ಕೈಬಿಡುತ್ತಾರೆ. ಬೇಸರ ಬಂದರೆ ಬರಲಿ, ಒಂದೇ ತುಣುಕು ತಿರುತಿರುಗಿ ಬರುವುದೇ ಆ ಹಾಡಿನ ಮಜಾ.

ಸಾಲುಗಳ ಅರ್ಥ ಹುಡುಕಲು ಅವಸರ ಬೇಡ, ಇರುವುದೇ ಕಮ್ಮಿ.

ಮುಖಪುಟದ ಚಿತ್ರ ಮಾತ್ರ ನೋಡಿ. ರಾತ್ರಿ, ಒಂದು ಮನೆ, ಮಹಡಿಯ ಕಿಟಕಿಯಲ್ಲಿ ದೀಪ. ಅರ್ಬಾನಾದ ನಿಜವಾದ ಮನೆ ಅದು. ಅಭಿಮಾನಿಗಳು ಫೋಟೋ ತೆಗೆಸಿಕೊಳ್ಳಲು ಹೋಗಿ ಹೋಗಿ, ಕೊನೆಗೆ 2023ರಲ್ಲಿ ಬ್ಯಾಂಡ್, ಪಾಲಿವಿನೈಲ್ ಮತ್ತು ಇನ್ನು ಕೆಲವರು ಸೇರಿ ಅದನ್ನು ಕೊಂಡೇಬಿಟ್ಟರು. ಬ್ಯಾಂಡೂ 2014ರಲ್ಲಿ ಮತ್ತೆ ಒಂದಾಗಿತ್ತು. 2016ರ ಎರಡನೇ ಆಲ್ಬಂ ಚೆನ್ನಾಗಿದೆ, ಆದರೆ ಈಗಲೇ ಅದಕ್ಕೆ ಕೈ ಹಾಕಬೇಡಿ.

ಇನ್ನೊಂದು ಮಾತು. ಕೊನೆಯ ಹಾಡಿನಲ್ಲಿ ದನಿಯೇ ಇಲ್ಲ, ವುರ್ಲಿಟ್ಜರ್ ಅನ್ನೋ ಎಲೆಕ್ಟ್ರಿಕ್ ಪಿಯಾನೊ ಮತ್ತು ಟ್ರಂಪೆಟ್ ಕೇಳಿಸುತ್ತವೆ. ಅದು ಮುಗಿದ ಕೂಡಲೇ ಆ್ಯಪ್ ಇನ್ಯಾವುದೋ ಗಲಾಟೆ ಹಾಡು ಹಾಕುತ್ತದೆ. ಆಟೊಪ್ಲೇ ಮೊದಲೇ ಆಫ್ ಮಾಡಿಟ್ಟಿರಿ.