ದೋಣಿಗೆ ಹಚ್ಚಿದ್ದು ನೆಲದ ಪಾಲಿಶ್

ಎರಡು ವರ್ಷದ ಹಿಂದೆ, ದೋಣಿಗೆ ಫ್ಲೋರ್ ಪಾಲಿಶ್ ಹಚ್ಚುತ್ತೇನೆ ಅಂದಾಗ ನಮ್ಮ ಭಾವ ಕಾಫಿ ಲೋಟ ಕೆಳಗಿಟ್ಟು ನಕ್ಕಿದ್ದರು. "ಆಸ್ಪತ್ರೆ ನೆಲಕ್ಕೆ ಹಾಕೋದನ್ನ ದೋಣಿಗೆ ಹಚ್ತೀಯಾ ಮಾರಾಯಾ? ಹಾಗೇ ಕೆರೆಗೆ ಒಂದು ಬಾಟ್ಲಿ ಫಿನಾಯಿಲೂ ಸುರಿದ್ಬಿಡು." ಈಗ ಅದೇ ದೋಣಿ ಒಂದು ಪೂರ್ತಿ ಮಳೆಗಾಲ ಕಂಡಿದೆ. ಬಗ್ಗಿ ನೋಡಿದರೆ ಮೀಸೆ ಸರಿಮಾಡಿಕೊಳ್ಳಬಹುದು, ಅಷ್ಟು ಹೊಳಪಿದೆ.

ನಮ್ಮದು ಹದಿನಾಲ್ಕು ಅಡಿಯ ಫೈಬರ್ ದೋಣಿ, ಹುಟ್ಟು ಹಾಕುವಂಥದ್ದು. ಕೊಡಗಿನ ಅಮ್ಮತ್ತಿ ಹತ್ತಿರದ ತೋಟದ ಕೆರೆಗೆ, ಹೋಂಸ್ಟೇಗೆ ಬರುವವರಿಗಾಗಿ ಸೆಕೆಂಡ್ ಹ್ಯಾಂಡ್ ತಂದದ್ದು. 38 ಸಾವಿರ ಕೊಟ್ಟ ನೆನಪು. ಮೇಲೆ ನೀಲಿ, ಕೆಳಗೆ ಬಿಳಿ. ನೀಲಿ ಅಂತ ಮಾರಿದವರು ಹೇಳಿದ್ದಕ್ಕೆ ನಂಬಬೇಕಿತ್ತು ಅಷ್ಟೆ. ಅಂಗೈ ಒರೆಸಿದರೆ ಸುಣ್ಣದ ಗೋಡೆ ಮುಟ್ಟಿದ ಹಾಗೆ ಪುಡಿ ಮೆತ್ತುತ್ತಿತ್ತು. ನೀರು ನಿಲ್ಲುವ ಗೆರೆಯ ಉದ್ದಕ್ಕೂ ಡಿಕಾಕ್ಷನ್ ಬಣ್ಣದ ಪಟ್ಟಿ. ಸಿಲ್ವರ್ ಓಕ್ ಎಲೆ ಬಿದ್ದು ಕೊಳೆಯುವ ಕೆರೆ, ಇನ್ನೇನಾಗುತ್ತದೆ?

ಮೊದಲು ವ್ಯಾಕ್ಸ್ ಹಚ್ಚಿದೆ. ಕಾರಿಗೆ ಹಾಕುವ ಒಳ್ಳೇ ಕಾರ್ನೋಬಾ, ಡಬ್ಬಿಗೆ 900 ರೂಪಾಯಿ ಹತ್ತಿರ. ಮೂರು ವಾರ ಹೊಳೆಯಿತು. ನಾಲ್ಕನೇ ವಾರ ಮತ್ತೆ ಸುಣ್ಣ. ಸತ್ತ ಪದರ ಹಾಗೇ ಇರುವಾಗ ಮೇಲೆ ಏನು ಬಳಿದರೂ ಇಷ್ಟೇ ಅಂತ ಆಗ ಹೊಳೆಯಲಿಲ್ಲ.

ಆಮೇಲೆ ಮಾಡಿದ ತಪ್ಪಿಗೆ ಜಾಸ್ತಿ ದುಡ್ಡು ಹೋಯಿತು. ಕಾರಿಗೆ ಬಫಿಂಗ್ ಮಾಡುವ ಹುಡುಗನೊಬ್ಬನನ್ನು ಕರೆಸಿದೆ. ಕೆಲಸದಲ್ಲಿ ಚುರುಕು, ಆದರೆ ಕಾರಿನ ಕೈ. ಉಣ್ಣೆ ಪ್ಯಾಡು, ಫುಲ್ ಸ್ಪೀಡು. ದೋಣಿಯ ಮೂತಿಯ ಅಂಚಿನಲ್ಲಿ ಮಷಿನ್ ಎರಡೇ ಸಲ ಹೆಚ್ಚು ನಿಂತಿತು. ಜೆಲ್‌ಕೋಟ್, ಅಂದರೆ ಫೈಬರಿನ ಮೇಲಿನ ಬಣ್ಣದ ಗಟ್ಟಿ ಪದರ, ಇರುವುದೇ ಅರ್ಧ ಮಿಲಿಮೀಟರ್ ಆಸುಪಾಸು. ಅಂಗೈ ಅಗಲ ಸವೆದು ಒಳಗಿನ ಫೈಬರ್ ನೇಯ್ಗೆ ಗೋಣಿಚೀಲದ ಹಾಗೆ ಕಂಡಿತು. ಕೂಲಿ, ಉಜ್ಜುವ ಪೇಸ್ಟು (ಕಾಂಪೌಂಡ್) ಸೇರಿ 6,500 ಹೋಯಿತು. ಬೈಯಲೂ ಆಗಲಿಲ್ಲ, ಪಕ್ಕದಲ್ಲಿ ನಿಂತು "ಇನ್ನೂ ಸ್ವಲ್ಪ" ಅಂದವನು ನಾನೇ.

ಅದನ್ನು ಮುಚ್ಚಲು ಜೆಲ್‌ಕೋಟ್ ತಂದು ಹಾರ್ಡನರ್ ಬೆರೆಸಿ ಬಳಿದೆ. ಮರುದಿನ ಮುಟ್ಟಿದರೆ ಹಲಸಿನ ಮೇಣ. ಗಾಳಿ ತಾಗಿದ ಮೇಲ್ಮೈ ಗಟ್ಟಿಯಾಗುವುದಿಲ್ಲ ಅನ್ನುವುದು ಗೊತ್ತಿದ್ದೂ ಮರೆತಿದ್ದೆ. ಕೆರೆದು ತೆಗೆದು ಮತ್ತೆ ಬಳಿದು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಗುಳ್ಳೆ ಇಲ್ಲದ ಹಾಗೆ ಒತ್ತಿ ಅಂಟಿಸಿದೆ. ಮರುದಿನ ಹಾಳೆ ಎಳೆದರೆ ಗಾಜಿನಂತೆ ಬಂತು. ಬಣ್ಣ ಮಾತ್ರ ಒಂದು ಚೂರು ಹೆಚ್ಚು ನೀಲಿ.

ಪೂರ್ತಿ ಪೇಂಟ್ ಮಾಡಿಸಲು ಮೈಸೂರಿನಲ್ಲಿ ಕೇಳಿದೆ. 28 ಸಾವಿರ, ಲಾರಿ ಬಾಡಿಗೆ ಬೇರೆ. ದೋಣಿಯ ಬೆಲೆಯೇ 38! ಅದೇ ಸಮಯಕ್ಕೆ ಹೋಂಸ್ಟೇಗೆ ಬಂದ ಒಬ್ಬರು, ಹೊರದೇಶದಲ್ಲಿ ದೋಣಿ ಇಟ್ಟುಕೊಂಡವರು ಅಕ್ರಿಲಿಕ್ ಫ್ಲೋರ್ ಪಾಲಿಶ್ (ಒಣಗಿದರೆ ತೆಳು ಪ್ಲಾಸ್ಟಿಕ್ ಪದರದಂತೆ ಕೂರುವಂಥದ್ದು) ಹಚ್ಚುತ್ತಾರೆ ಅಂತ ಮಾತಿನ ಮಧ್ಯೆ ಹೇಳಿ ಹೋದರು. ನನಗೆ ಅದು ತಲೆಗೆ ಹತ್ತಿತು.

ಜುಲೈನಲ್ಲಿ ಕೆಲಸ ಇರಲಿಲ್ಲ ಅಂತ ಜುಲೈನಲ್ಲೇ ಹಚ್ಚಿದೆ. ಕೊಡಗಿನ ಜುಲೈ! ಬಟ್ಟೆಯೇ ಒಣಗದ ತಿಂಗಳಲ್ಲಿ ಪಾಲಿಶ್ ಒಣಗುತ್ತದಾ? ಎರಡನೇ ಕೋಟ್ ಹಚ್ಚುವಷ್ಟರಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ವಾರ ಕಳೆದು ಹಾವಿನ ಪೊರೆಯಂತೆ ಎದ್ದು ಬಂತು. ಭಾವ ಆ ಪೊರೆಯ ಒಂದು ತುಂಡನ್ನು ಹುತ್ತರಿವರೆಗೂ ಜೇಬಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ತೋರಿಸಿದರು.

ಕೊನೆಗೆ ಕೈಹಿಡಿದದ್ದು ಫೆಬ್ರವರಿ. ಕಾಫಿ ಒಣಗಿಸಿ ಮುಗಿದು ಕಣ ಖಾಲಿ ಇತ್ತು, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರಲಿಲ್ಲ. ದೋಣಿಯನ್ನು ಕಣದಲ್ಲಿ ಮಗುಚಿ ಹಾಕಿ ಮೇಲೆ ಟಾರ್ಪಾಲು ಕಟ್ಟಿದೆ. ಬಿಸಿಲು ನೇರ ಬೀಳಬಾರದು, ಇಬ್ಬನಿಯೂ ಇರಬಾರದು. ಒಂಬತ್ತೂವರೆಗೆ ಮುಂಚೆ ಮುಟ್ಟಲಿಲ್ಲ.

ಕಲೆ ತೆಗೆಯಲು ಹುಳಿ ಬೇಕು ಅಂತ ಗೊತ್ತಿತ್ತು. ಮನೆಯಲ್ಲಿದ್ದ ಹುಳಿ ಕಾಚಂಪುಳಿ, ಕೊಡಗಿನ ಅಡುಗೆಯ ಕಪ್ಪು ಹುಳಿರಸ. ಅರ್ಧ ಲೋಟ ಕದ್ದು ಹಚ್ಚಿದೆ. ಕಲೆ ಹೋಗುವ ಬದಲು ಕಪ್ಪು ಪಟ್ಟಿ ಸೇರಿತು. ಆ ವಾರ ಪಂದಿಕರಿಗೆ ಹುಳಿ ಕಮ್ಮಿಯಾದದ್ದಕ್ಕೆ ಹೆಂಡತಿಯಿಂದ ಬೈಗುಳ ತಿಂದೆ. ಕೆಲಸ ಆದದ್ದು ಆಕ್ಸಾಲಿಕ್ ಪುಡಿಯಿಂದ. ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಕೊನೆಗೆ ಹಾಕುತ್ತಾರಲ್ಲ, ಅದೇ. ಲೀಟರ್ ಬಿಸಿನೀರಿಗೆ 50–60 ಗ್ರಾಂ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಇಪ್ಪತ್ತು ನಿಮಿಷ ಬಿಟ್ಟು ತೊಳೆದರೆ ಡಿಕಾಕ್ಷನ್ ಪಟ್ಟಿ ಇದ್ದ ಜಾಗವೇ ಗೊತ್ತಾಗಲಿಲ್ಲ. ಕೆರೆಯಲ್ಲಿ ಮೀನಿದೆ, ತೊಳೆದ ನೀರು ಅತ್ತ ಹೋಗದ ಹಾಗೆ ನೋಡಿಕೊಂಡೆ.

ಆಮೇಲೆ ವಾಟರ್ ಪೇಪರ್, ನೀರು ಹಾಕಿ ಉಜ್ಜುವ ಸ್ಯಾಂಡ್ ಪೇಪರ್. ದೋಣಿಯ ಮೈಮೇಲೆಲ್ಲ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ಗೆರೆ ಅಳಿಯುವವರೆಗೆ ಮಾತ್ರ ಉಜ್ಜುವುದು. ಗೀರು ಇದ್ದಲ್ಲಿ 600 ನಂಬರಿನದು, ಉಳಿದ ಕಡೆ 800, ಕೊನೆಗೆ 1200; ನಂಬರ್ ಹೆಚ್ಚಿದಷ್ಟೂ ನಯ. ಮೂತಿಯ ಅಂಚಿಗೆ ಬರೀ 1200, ಅದೂ ಬೆರಳ ತುದಿಯಲ್ಲಿ. ಮೊದಲು ಇಳಿಯುವ ನೀರು ನೀಲಿ ಹಾಲಿನಂತೆ ಇರುತ್ತದೆ. ಅದು ತಿಳಿಯಾಗುತ್ತ ಬಂದರೆ ಸತ್ತ ಪದರ ಹೋಯಿತು ಅಂತ. ಕಾಂಪೌಂಡ್ ಹಾಕಲೇ ಇಲ್ಲ. ಅದರ ಎಣ್ಣೆ ಉಳಿದರೆ ಪಾಲಿಶ್ ಹಿಡಿಯುವುದಿಲ್ಲ, ಸಣ್ಣ ಗೀರುಗಳನ್ನು ಪಾಲಿಶೇ ತುಂಬಿಕೊಳ್ಳುತ್ತದೆ. ಒಬ್ಬ ಆಳು ಮತ್ತು ನಾನು, ಎರಡು ದಿನ. ಭುಜ ಇನ್ನೊಂದು ವಾರ ನೋಯುತ್ತಿತ್ತು.

ಹಚ್ಚುವ ಮೊದಲು ಒಂದು ಚೊಂಬು ನೀರು ಸುರಿದು ನೋಡಬೇಕು. ನೀರು ಎಲ್ಲ ಕಡೆ ಸಮನಾಗಿ ಹರಡಿ ನಿಂತರೆ ಸರಿ. ಕೆಸುವಿನ ಎಲೆ ಮೇಲಿನಂತೆ ಹನಿ ಉರುಳಿದರೆ ಹಳೇ ವ್ಯಾಕ್ಸ್ ಇನ್ನೂ ಇದೆ ಅಂತ. ನನ್ನದು ಎರಡು ಕಡೆ ಉರುಳಿತು. ಹಿಂದೊಮ್ಮೆ ಫೋಟೋ ತೆಗೆಯುವವರು ಬರುತ್ತಾರೆ ಅಂತ ತೆಂಗಿನೆಣ್ಣೆ ಒರೆಸಿದ್ದ ಜಾಗ! ಒಂದು ದಿನ ಭಾರಿ ಮಿಂಚಿತ್ತು, ಮರುದಿನ ಧೂಳು, ಇರುವೆ. ಅಲ್ಲಿ ಮತ್ತೆ ತೊಳೆದೆ. ಕೊನೆಯ ತೊಳೆಯುವ ನೀರಿಗೆ ನಾನು ಸೇರಿಸುವುದು ಒಂದಿದೆ, ಅದನ್ನು ಹೇಳುವುದಿಲ್ಲ. ಆರು ಸಲ ಎಡವಿ ಕಲಿತದ್ದು, ನನಗೇ ಇರಲಿ.

ಪಾಲಿಶ್ ಹಚ್ಚುವಾಗ ಬಟ್ಟೆ ಹಿಂಡಿದಷ್ಟು ಒದ್ದೆ ಇದ್ದರೆ ಸಾಕು. ಮೂತಿಯಿಂದ ಹಿಂದಕ್ಕೆ ಒಂದೇ ಎಳೆತ. ಬಿಟ್ಟುಹೋದ ಜಾಗ ಕಂಡರೂ ಹಿಂದೆ ತಿರುಗಿ ಉಜ್ಜಬಾರದು, ಮುಂದಿನ ಕೋಟಿನಲ್ಲಿ ಮುಚ್ಚುತ್ತದೆ. ಮೊದಲ ಎರಡು ಕೋಟು ತೇಪೆ ತೇಪೆಯಾಗಿ ಕಾಣುತ್ತದೆ, ಅಲ್ಲೇ ಎಲ್ಲರೂ ಕೈಬಿಡುವುದು. ನಾಲ್ಕನೆಯದಕ್ಕೆ ನೀಲಿ ಎದ್ದಿತು. ಆರಕ್ಕೆ ನಿಲ್ಲಿಸಿದೆ. ಕೋಟಿನ ನಡುವೆ ಇಪ್ಪತ್ತು ನಿಮಿಷ. ನೀರಲ್ಲಿ ಸದಾ ಮುಳುಗಿರುವ ಕೆಳಭಾಗಕ್ಕೆ ಹಚ್ಚಲಿಲ್ಲ, ಅಲ್ಲಿ ಅದು ಬೆಳ್ಳಗಾಗಿ ಏಳುತ್ತದೆ.

ಐದು ಲೀಟರ್ ಕ್ಯಾನು 1,800 ರೂಪಾಯಿ, ಮುಗಿದದ್ದು ಲೀಟರೂ ಇಲ್ಲ. ಪುಡಿ, ಪೇಪರ್, ಆಳಿನ ಕೂಲಿ ಎಲ್ಲ ಸೇರಿ ನಾಲ್ಕು ಸಾವಿರ ದಾಟಿಲ್ಲ. ಮಿಕ್ಕ ಪಾಲಿಶನ್ನು ಬೈಕಿನ ಮಾಸಿದ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಹಚ್ಚಿದೆ, ಹೊಸತರಂತೆ ಆಯಿತು. ಜೀಪಿನ ಬಾನೆಟ್ಟಿಗೆ ಹಚ್ಚಿದ್ದು ಇಂಜಿನ್ ಬಿಸಿಗೆ ಒಂದೇ ತಿಂಗಳಲ್ಲಿ ಎದ್ದು ಹೋಯಿತು. ಈ ಫೆಬ್ರವರಿಯಲ್ಲಿ ದೋಣಿಯನ್ನು ತೊಳೆದು ಇನ್ನೆರಡು ಕೋಟು ಕೊಟ್ಟೆ, ಅರ್ಧ ದಿನದ ಕೆಲಸ. ಮೂತಿಯ ತೇಪೆ ಮಾತ್ರ ಹಾಗೇ ಇದೆ, ಬಂದವರಿಗೆ ಕಾಣುವುದಿಲ್ಲ, ನನಗೆ ದಿನಾ ಬೆಳಿಗ್ಗೆ ಕಾಣುತ್ತದೆ.

ಹೋದ ಭಾನುವಾರ ಭಾವ ಬಂದಿದ್ದರು. ದೋಣಿಯ ಸುತ್ತ ಎರಡು ಸುತ್ತು ಹಾಕಿ, ತಮ್ಮ ಜೀಪಿನ ಫೈಬರ್ ಟಾಪಿಗೂ ಇದು ಹಿಡಿಯುತ್ತದಾ ಅಂತ ಮೆಲ್ಲಗೆ ಕೇಳಿದರು. ಹಿಡಿಯುತ್ತದೆ, ಒಂದು ಕೋಟ್‌ಗೆ 300 ರೂಪಾಯಿ ಅಂದೆ.