ಹಾರ್ಟ್ ಅಟ್ಯಾಕ್ ನಂತರ ಮತ್ತೆ ಮುಗ್ಗರಿಸಿದರೆ ಮನಸ್ಸನ್ನು ನೋಡಿಕೊಳ್ಳುವುದು ಹೇಗೆ

ಹಾರ್ಟ್ ಅಟ್ಯಾಕ್ ಆದ ದಿನ ಹೆದರುವುದಕ್ಕೂ ಪುರುಸೊತ್ತು ಇರುವುದಿಲ್ಲ. ಇಸಿಜಿ, ಇಂಜೆಕ್ಷನ್, ಕ್ಯಾಥ್ ಲ್ಯಾಬ್, ಎಲ್ಲಾ ಬೇರೆಯವರೇ ನೋಡಿಕೊಳ್ಳುತ್ತಾರೆ. ಕಷ್ಟ ಶುರುವಾಗುವುದು ಆಮೇಲೆ. ಮನೆಗೆ ಬಂದು, ವಾಕಿಂಗ್ ಶುರು ಮಾಡಿ, ಇನ್ನೇನು ಸರಿಹೋದೆ ಅಂದುಕೊಳ್ಳುವ ಹೊತ್ತಿಗೆ ಎದೆ ಮತ್ತೆ ಹಿಡಿದುಕೊಂಡು ಒಂದು ರಾತ್ರಿ ಐಸಿಯುನಲ್ಲಿ ಕಳೆಯಬೇಕಾಗುತ್ತದೆ. ಇಲ್ಲವೇ ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್‌ನಲ್ಲಿ ಇಎಫ್, ಅಂದರೆ ಹೃದಯ ಒಂದೊಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಅನ್ನುವ ಅಂಕಿ, ಇದ್ದಲ್ಲೇ ಇರುತ್ತದೆ. ಇಲ್ಲವೇ ಬಿಟ್ಟಿದ್ದ ಸಿಗರೇಟು ಮತ್ತೆ ಕೈಗೆ ಬಂದಿರುತ್ತದೆ. ಮೊದಲ ಸಲಕ್ಕಿಂತ ಇದು ಮನಸ್ಸನ್ನು ಜಾಸ್ತಿ ಕುಗ್ಗಿಸುತ್ತದೆ, ಯಾಕಂದ್ರೆ ಈ ಸಲ ಆಸೆ ಇಟ್ಟುಕೊಂಡಿರುತ್ತೀರಿ.

ನನಗೂ ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದ್ದಾರೆ. ಓಪಿಡಿ ಸಾಲಿನಲ್ಲಿ ನನ್ನಂಥವರ ಜೊತೆ ಕೂತು ಮಾತಾಡಿ ಮಾತಾಡಿ ಈಗ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಹಿನ್ನಡೆ ಆದ ದಿನವೇ ಅದಕ್ಕೆ ಅರ್ಥ ಹಚ್ಚಬೇಡಿ. ಆ ದಿನ ಮಾಡಬೇಕಾದ ಕೆಲಸ ಮಾಡಿ, ಅಷ್ಟೇ. "ನನ್ನದು ಇನ್ನು ಮುಗೀತು" ಅನ್ನುವ ತೀರ್ಮಾನವನ್ನು ಒಂದು ವಾರ ಮುಂದಕ್ಕೆ ಹಾಕಿ. ಒಂದು ವಾರದಲ್ಲಿ ಏನು ಮಾಡಬೇಕು ಅನ್ನುವುದೇ ಈ ಬರಹ.

ಮೊದಲು ತುರ್ತಿನ ಮಾತು. ಎದೆ ಮಧ್ಯೆ ಕಲ್ಲು ಹೇರಿದಂತೆ ಒತ್ತಡ, ಕೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಸಿಗದಿರುವುದು, ಇವು ಬಂದರೆ ಮನಸ್ಸಿಗೆ ಸಮಾಧಾನ ಹೇಳುತ್ತ ಕೂರಬೇಡಿ. ಕೆಲಸ ನಿಲ್ಲಿಸಿ ಕೂತುಕೊಳ್ಳಿ. ನಾಲಿಗೆ ಕೆಳಗೆ ಇಡುವ ಮಾತ್ರೆ ಬರೆದುಕೊಟ್ಟಿದ್ದರೆ ಡಾಕ್ಟರ್ ಹೇಳಿದ ಹಾಗೆ ಇಟ್ಟುಕೊಳ್ಳಿ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಆ ಮಾತ್ರೆ ಇಲ್ಲದಿದ್ದರೆ ತಕ್ಷಣವೇ ಮಾಡಿ. ಗ್ಯಾಸ್ಟ್ರಿಕ್ ಇರಬಹುದು ಅಂತ ಸೋಡಾ ಕುಡಿದು ಕಾಯುವುದು ಬೇಡ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ಕರ್ನಾಟಕದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ಮಾಡಿ, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಹೋದ ಮೇಲೆ ಏನೂ ಇಲ್ಲ ಅಂದರೆ ಅದು ಒಳ್ಳೆಯ ಸುದ್ದಿ. "ಸುಮ್ನೆ ಗಾಬರಿ ಬಿದ್ದು ಬಂದ್ರಾ" ಅಂತ ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ, ಮುಂದಿನ ಸಲವೂ ಹೋಗಿ.

ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿ. ರಾತ್ರಿ ಎರಡು ಗಂಟೆಗೆ ಎದೆ ಚುಳ್ ಅಂದಾಗ "ಹೋಗೋದಾ, ಬೇಡ್ವಾ, ಮಗನನ್ನ ಎಬ್ಬಿಸೋದಾ" ಅಂತ ತಲೆಯೊಳಗೆ ನಡೆಯುವ ಜಗಳವೇ ಅರ್ಧ ಭಯ. ಹಗಲಲ್ಲೇ ತೀರ್ಮಾನ ಆಗಿಬಿಟ್ಟಿದ್ದರೆ ಆ ಜಗಳ ಇರುವುದಿಲ್ಲ.

ಎರಡನೆಯದು, ಹಿನ್ನಡೆ ಅನ್ನಿಸುವುದೆಲ್ಲ ಹೃದಯದ್ದೇ ಆಗಿರಬೇಕಿಲ್ಲ. ಎಷ್ಟೋ ಸಲ ಮಾತ್ರೆಯದ್ದಾಗಿರುತ್ತದೆ. ಮೆಟೊಪ್ರೊಲಾಲ್ ತರಹದ ಮಾತ್ರೆಯಿಂದ ಸುಸ್ತು ಬರಬಹುದು, ಟಿಕಾಗ್ರೆಲಾರ್‌ನಿಂದ ಕೆಲವರಿಗೆ ಉಸಿರು ಕಟ್ಟಿದಂತೆ ಅನ್ನಿಸುತ್ತದೆ, ರಾಮಿಪ್ರಿಲ್‌ನಿಂದ ಒಣ ಕೆಮ್ಮು. ಯಾವುದು ಯಾವುದರಿಂದ ಅಂತ ನೀವೇ ತೀರ್ಮಾನ ಮಾಡಬೇಡಿ, ಡಾಕ್ಟರನ್ನು ಕೇಳಿ, ಬದಲಿ ಮಾತ್ರೆ ಇರುತ್ತದೆ. ಆದರೆ ನೀವಾಗಿ ನಿಲ್ಲಿಸಬೇಡಿ, ಅದರಲ್ಲೂ ಸ್ಟೆಂಟ್ ಹಾಕಿದ ಮೇಲೆ ಕೊಡುವ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳನ್ನು. ನಿಲ್ಲಿಸಿದರೆ ಸ್ಟೆಂಟೇ ಮುಚ್ಚಿಕೊಳ್ಳಬಹುದು.

ಇಎಫ್ ಅಂಕಿಯ ವಿಷಯ. ಅಟ್ಯಾಕ್ ಆದ ಕೂಡಲೇ ಹೃದಯದ ಸ್ವಲ್ಪ ಭಾಗ ಪೆಟ್ಟು ಬಿದ್ದ ಕಾಲಿನ ಹಾಗೆ ಮರಗಟ್ಟಿರುತ್ತದೆ, ಸತ್ತಿರುವುದಿಲ್ಲ. ಅದು ಮತ್ತೆ ಕೆಲಸಕ್ಕೆ ಬರುವುದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅದಕ್ಕೇ ಎಕೋ ಮತ್ತೆ ಮಾಡಿಸುವುದು. 40 ಇದ್ದದ್ದು 38 ಅಂತ ಬಂದರೆ ಅದು ಇಳಿದದ್ದೇ ಆಗಿರಬೇಕಿಲ್ಲ. ಎಕೋ ನೋಡುವವರು ಬದಲಾದರೂ ಅಷ್ಟು ಹೆಚ್ಚುಕಮ್ಮಿ ಆಗುತ್ತದೆ. ರಿಪೋರ್ಟ್ ಕೈಗೆ ಬಂದ ತಕ್ಷಣ ಕಾರಿಡಾರಿನಲ್ಲಿ ನಿಂತು ಗೂಗಲ್ ಮಾಡುವ ಚಟ ಇದ್ದರೆ, ಆ ಕವರನ್ನು ಜೊತೆಯಲ್ಲಿ ಬಂದವರ ಕೈಗೆ ಕೊಟ್ಟುಬಿಡಿ.

ಮನೆಯ ಬಿಪಿ ಮಷಿನ್ ಕೂಡ ಅದೇ ಜಾತಿ. ರಾತ್ರಿ ಹಾಸಿಗೆಯಲ್ಲಿ ಕೂತು ಪಟ್ಟಿ ಸುತ್ತಿಕೊಳ್ಳುತ್ತೀರಿ, 138 ಬರುತ್ತದೆ. ಮಷಿನ್ನೇ ಸರಿ ಇಲ್ಲ ಅಂತ ಇನ್ನೊಂದು ಸಲ, 146. ಈಗ ಕಿವಿಯಲ್ಲಿ ಎದೆಬಡಿತ ಕೇಳಿಸುತ್ತದೆ. ಇನ್ನೊಂದು ಸಲ, 155. ಏರಿಸುತ್ತಿರುವುದು ಬಹುಪಾಲು ಗಾಬರಿಯೇ. ಡಾಕ್ಟರ್ ಎಷ್ಟು ಸಲ ನೋಡಿ ಅಂದಿದ್ದಾರೋ ಅಷ್ಟೇ ಸಲ, 5 ನಿಮಿಷ ಸುಮ್ಮನೆ ಕೂತ ಮೇಲೆ ನೋಡಿ, ಬರೆದಿಟ್ಟು ಡಬ್ಬ ಮುಚ್ಚಿ. ತಡೆಯಲಾಗದಿದ್ದರೆ ಡಬ್ಬ ಬೇರೆ ಕೋಣೆಯಲ್ಲಿರಲಿ. ನಿದ್ದೆ ಬರದಿದ್ದರೆ ಎದ್ದು ಕುರ್ಚಿಯಲ್ಲಿ ಕೂತು, ಕಾಲು ನೆಲಕ್ಕೂರಿ, 4 ಎಣಿಸುತ್ತ ಉಸಿರು ಎಳೆದು 6 ಎಣಿಸುತ್ತ ಬಿಡಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಬಡಿತ ಇಳಿಯುತ್ತದೆ.

ಇನ್ನೊಂದು, ಚೆನ್ನಾಗಿದ್ದ ದಿನವೇ ನಮ್ಮನ್ನು ಕೆಡಿಸುವುದು. ಇವತ್ತು ಮೈ ಹಗುರಾಗಿದೆ ಅಂತ ಅಟ್ಟ ಕ್ಲೀನ್ ಮಾಡಿ, ಬ್ಯಾಂಕಿಗೆ ಹೋಗಿ, ಬರುವಾಗ ಅಕ್ಕಿ ಚೀಲವನ್ನೂ ಹೊತ್ತು ತಂದರೆ ನಾಳೆ ಹಾಸಿಗೆ ಬಿಟ್ಟು ಏಳಲಾಗುವುದಿಲ್ಲ. ಆಗ ಅನ್ನಿಸುವುದು ಏನು? "ಹಾರ್ಟು ಮತ್ತೆ ಕೈಕೊಡ್ತು." ಚೆನ್ನಾಗಿದ್ದ ದಿನ ಸ್ವಲ್ಪ ಉಳಿಸಿಕೊಳ್ಳಿ, ಮಂಕಾದ ದಿನ ಆಗುವಷ್ಟಾದರೂ ನಡೆಯಿರಿ. ನಡೆಯುತ್ತ ಪಕ್ಕದವರ ಜೊತೆ ಮಾತಾಡಲು ಆಗಬೇಕು, ಅಷ್ಟೇ ವೇಗ ಸಾಕು.

ಆಸ್ಪತ್ರೆಯಲ್ಲಿ ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಅಟ್ಯಾಕ್ ಆದವರಿಗೆ ವ್ಯಾಯಾಮ, ಸಲಹೆ ಕೊಟ್ಟು ಚೇತರಿಸಿಕೊಳ್ಳಲು ನೆರವಾಗುವ ತರಬೇತಿ, ಇದೆಯಾ ಅಂತ ಕೇಳಿ. ನಮ್ಮಲ್ಲಿ ತಾವಾಗಿ ಹೇಳುವವರು ಕಡಿಮೆ. ಯೋಗ ಆಧರಿಸಿದ ರಿಹ್ಯಾಬ್ ಅನ್ನು ಭಾರತದ 24 ಆಸ್ಪತ್ರೆಗಳಲ್ಲಿ, ಸುಮಾರು 4,000 ಜನರ ಮೇಲೆ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾವು, ಮರು ಅಟ್ಯಾಕ್ ಕಡಿಮೆಯಾಯಿತು ಅಂತ ಖಚಿತವಾಗಿ ಹೇಳಲು ಆಗಲಿಲ್ಲ. ಆದರೆ ಯೋಗ ಮಾಡಿದವರು ತಮ್ಮ ಆರೋಗ್ಯ ಚೆನ್ನಾಗಿದೆ ಅಂದರು, ಮೊದಲು ಮಾಡುತ್ತಿದ್ದ ಕೆಲಸಗಳಿಗೆ ಹೆಚ್ಚು ಮರಳಿದರು. ಮನಸ್ಸಿನ ಲೆಕ್ಕದಲ್ಲಿ ಇದು ದೊಡ್ಡದೇ.

ಸಿಗರೇಟು, ಬೀಡಿ ಮತ್ತೆ ಸೇದಿದ್ದರೆ ಒಂದು ಸೇದಿದ್ದೀರಿ, ಅಷ್ಟೇ. ಹೇಗೂ ಕೆಟ್ಟಿತಲ್ಲ ಅಂತ ಪ್ಯಾಕ್ ಮುಗಿಸಬೇಡಿ. ಉಳಿದದ್ದನ್ನು ನೀರಿಗೆ ಹಾಕಿ, ಅವತ್ತೇ ಯಾರಿಗಾದರೂ ಹೇಳಿ. ಗುಟ್ಟಾಗಿ ಇಟ್ಟರೆ ಅದು ಎರಡನೆಯದನ್ನು ಕೇಳುತ್ತದೆ. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ ಇದೆ, 1800 11 2356.

ಈಗ ಮನೆಯವರು. ಮಧ್ಯರಾತ್ರಿ "ರೀ, ಎಚ್ರ ಇದೀರಾ?" ಅಂತ ಹೆಂಡತಿ ಮೆಲ್ಲಗೆ ಕೇಳುವುದು ಉಸಿರಾಡುತ್ತಿದ್ದೀರಾ ಅಂತ ನೋಡಲು. ರೇಗಬೇಡಿ, ಅವರೂ ಆ ದಿನ ಆಸ್ಪತ್ರೆಯಲ್ಲಿದ್ದರು. ಸಂಜೆ ಕಾಫಿ ಹೊತ್ತಿಗೆ ಹತ್ತು ನಿಮಿಷ ಹಾರ್ಟಿನ ಮಾತಿಗೆ ಅಂತ ಇಟ್ಟುಕೊಳ್ಳಿ. ನೋವು ಬಂತಾ, ಮಾತ್ರೆ ತಗೊಂಡ್ರಾ, ಏನು ಭಯ, ಎಲ್ಲಾ ಅಲ್ಲೇ. ಮಿಕ್ಕ ಹೊತ್ತಿನಲ್ಲಿ ಬೇರೆ ಮಾತು ಇರಲಿ. ನೋಡಲು ಬಂದು "ನಮ್ಮ ಷಡ್ಡಕನಿಗೂ ಹೀಗೇ ಆಗಿತ್ತು, ಪಾಪ..." ಅಂತ ರಾಗ ಎಳೆಯುವ ನೆಂಟರನ್ನು ನಿಭಾಯಿಸುವ ಕೆಲಸ ಮನೆಯ ಇನ್ನೊಬ್ಬರಿಗೆ ವಹಿಸಿ. ಸುದ್ದಿಗೂ ಇದೇ ನಿಯಮ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ದಿನಾ ಟಿವಿಯಲ್ಲಿ ಬಂದು, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿ ನಿಂತಿದ್ದು ನೆನಪಿದೆ ಅಲ್ವಾ? ಚೇತರಿಸಿಕೊಳ್ಳುತ್ತಿರುವವರು ಅಂಥ ದಿನಗಳಲ್ಲಿ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿದರೆ ನಷ್ಟವೇನೂ ಇಲ್ಲ.

ಆದರೆ ಒಂದು ವಾರ ಅಂದದ್ದು ಎರಡು ವಾರವಾದರೂ ಮಂಕು ಇಳಿಯದಿದ್ದರೆ ಅದನ್ನು ಕಾಯಿಲೆ ಅಂತಲೇ ನೋಡಿ. ಯಾವುದರಲ್ಲೂ ಆಸಕ್ತಿ ಇಲ್ಲ, ಬೆಳಗಿನ ಜಾವಕ್ಕೇ ಎಚ್ಚರ, ಮಾತ್ರೆ ತಗೊಂಡು ಏನಾಗಬೇಕು ಅನ್ನುವ ಬೇಸರ. ನಮ್ಮ ಗಂಡಸರು ದುಃಖ ಅಂತ ಹೇಳುವುದಿಲ್ಲ, ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ತಳ್ಳುತ್ತಾರೆ. ಅಟ್ಯಾಕ್ ಆದ ಐವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ, ಅದು ಹೃದಯಕ್ಕೂ ಕೆಡುಕು. ಚಿಕಿತ್ಸೆ ಇದೆ. ಸರ್ಟ್ರಲೀನ್ ಅನ್ನುವ ಮಾತ್ರೆಯನ್ನು ಅಟ್ಯಾಕ್ ಆದವರಿಗೇ ಕೊಟ್ಟು ನೋಡಿ, ಹೃದಯಕ್ಕೆ ತೊಂದರೆ ಇಲ್ಲ ಅಂತ 2002ರಲ್ಲೇ ಕಂಡುಕೊಂಡಿದ್ದಾರೆ. ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚಬಹುದು, ಹಾಗಾಗಿ ಈಗ ತೆಗೆದುಕೊಳ್ಳುವ ಮಾತ್ರೆಗಳ ಚೀಟಿಯನ್ನು ಮನೋವೈದ್ಯರಿಗೆ ತೋರಿಸಿ. ಯಾರ ಹತ್ತಿರ ಹೋಗಬೇಕು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಇದೆ, 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬದುಕಿದ್ದೇನು ಪ್ರಯೋಜನ ಅನ್ನುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆ ಕ್ಷಣವೇ ಫೋನ್ ಮಾಡಿ, ಒಬ್ಬರೇ ಇರಬೇಡಿ.

ಫಾಲೋ ಅಪ್‌ಗೆ ಹೋಗುವಾಗ ಪ್ರಶ್ನೆಗಳನ್ನು ಬರೆದುಕೊಂಡೇ ಹೋಗಿ. ಒಳಗೆ ಹೋದ ಮೇಲೆ ಡಾಕ್ಟರ್ ಅವಸರ ನೋಡಿ ಎಲ್ಲಾ ಮರೆತುಹೋಗುತ್ತದೆ. ಈ ಸಲ ಆದದ್ದು ಏನು, ಕೆಲಸಕ್ಕೆ ಯಾವಾಗ, ಗಾಡಿ ಓಡಿಸಬಹುದಾ, ಎಷ್ಟು ಭಾರ ಎತ್ತಬಹುದು, ಗಂಡ ಹೆಂಡತಿ ಕೂಡಬಹುದಾ. ಕೊನೆಯದನ್ನು ಬಾಯಿಬಿಟ್ಟು ಕೇಳಲು ಸಂಕೋಚವಾದರೆ ಚೀಟಿಯನ್ನೇ ಅವರ ಮುಂದೆ ಸರಿಸಿ, ಓದಿಕೊಳ್ಳುತ್ತಾರೆ.