24 ಯಂತ್ರಗಳಿಗೆ ಒಂದು ಮಿರರ್: ನನ್ನ ಅನುಭವ

ಹಾಸನದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. 24 ಹಳೆಯ ಯಂತ್ರಗಳು, ಎಲ್ಲದರಲ್ಲೂ ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಸೆಮಿಸ್ಟರ್ ಶುರುವಾಗುವ ಮುನ್ನ ಅಪ್‌ಡೇಟ್ ಮಾಡಲು ಕುಳಿತರೆ, ಮೊದಲ ಯಂತ್ರದಲ್ಲೇ ವೇಗ ಸೆಕೆಂಡಿಗೆ 90 ಕಿಲೋಬೈಟ್. ಪಕ್ಕದ ಯಂತ್ರದಲ್ಲಿ ವಿಡಿಯೊ ತಡೆಯಿಲ್ಲದೆ ಓಡುತ್ತಿತ್ತು. ನಮ್ಮ ಲೈನಿನ ತಪ್ಪಲ್ಲ ಎಂಬುದು ಅಲ್ಲಿಗೆ ಖಾತ್ರಿಯಾಯಿತು.

ಅಪ್‌ಡೇಟ್ ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್ ಕಡತದಲ್ಲಿ ಹಿಂದೆ ಯಾರೋ ದೇಶದೊಳಗಿನ ಒಂದು ಮಿರರ್‌ನ, ಅಂದರೆ ಡೆಬಿಯನ್ ಭಂಡಾರದ ನಕಲು ಇಟ್ಟಿರುವ ಸರ್ವರ್‌ನ, ವಿಳಾಸ ಬರೆದಿಟ್ಟಿದ್ದರು. ನಾನೂ ಅದೇ ದಾರಿ ಹಿಡಿದು, ಐದು ಮಿರರ್‌ಗಳಿಗೆ ಪಿಂಗ್ ಕೊಟ್ಟು, ಕಡಿಮೆ ಮಿಲಿಸೆಕೆಂಡ್ ತೋರಿಸಿದ್ದನ್ನು ಆರಿಸಿದೆ. ಪೆದ್ದುತನ. ಬಾಗಿಲು ತಟ್ಟಿದರೆ ಎಷ್ಟು ಬೇಗ ಓಗೊಡುತ್ತಾರೆ ಎಂಬುದನ್ನಷ್ಟೇ ಪಿಂಗ್ ಹೇಳುತ್ತದೆ. ಮೂಟೆ ಹೊತ್ತು ತರುವ ತಾಕತ್ತು ಅದಕ್ಕೆ ಕಾಣುವುದಿಲ್ಲ. ಆಮೇಲೆ ಒಂದೇ ದೊಡ್ಡ ಕಡತವನ್ನು ಐದೂ ಕಡೆಯಿಂದ ಇಳಿಸಿ ನೋಡಿದೆ, ಬೆಳಿಗ್ಗೆ ಒಮ್ಮೆ, ಸಂಜೆ ಏಳಕ್ಕೆ ಒಮ್ಮೆ. ಬೆಳಿಗ್ಗೆ ಗೆದ್ದದ್ದು ಸಂಜೆ ಮಕಾಡೆ ಮಲಗಿತು. ಸಿಂಗಪುರದ್ದೊಂದು ಎರಡೂ ಹೊತ್ತು ಒಂದೇ ಹದದಲ್ಲಿತ್ತು.

ವೇಗವೊಂದೇ ಸಾಲದು ಎಂದು ಗೊತ್ತಾದದ್ದು ಇನ್ನೊಂದು ಮಿರರ್‌ನಿಂದ. ಪ್ರತಿ ಡೆಬಿಯನ್ ಮಿರರ್‌ನಲ್ಲೂ ಪ್ರಾಜೆಕ್ಟ್ ಫೋಲ್ಡರಿನೊಳಗೆ ಟ್ರೇಸ್ ಎಂಬ ಜಾಗವಿದೆ. ಮೂಲ ಭಂಡಾರದೊಂದಿಗೆ ಕೊನೆಯ ಬಾರಿ ಯಾವಾಗ ತಾಳೆಯಾಯಿತು ಎಂಬ ದಿನಾಂಕ ಅಲ್ಲಿ ಸಿಗುತ್ತದೆ. ಮೂಲ ಭಂಡಾರ ದಿನಕ್ಕೆ ನಾಲ್ಕು ಬಾರಿ ಹೊಸತಾಗುತ್ತದೆ. ಈ ಮಹಾಶಯರ ದಿನಾಂಕ ಹನ್ನೊಂದು ದಿನ ಹಳೆಯದು! ನಮ್ಮ ಹಾಸನಾಂಬೆಯಂತೆ ವರ್ಷಕ್ಕೊಮ್ಮೆ ಬಾಗಿಲು ತೆರೆಯುವ ಜಾತಿ. ಅಮ್ಮನಿಗಾದರೆ ಸರತಿಯಲ್ಲಿ ನಿಂತು ಕಾಯಬಹುದು.

ಯಾರೋ ಇಟ್ಟ ಮಿರರ್ ಅನ್ನು ನಂಬುವುದು ಹೇಗೆ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ನಂಬಬೇಕಾಗಿಯೇ ಇಲ್ಲ. ರಿಲೀಸ್ ಕಡತಕ್ಕೆ ಡೆಬಿಯನ್‌ನ ಡಿಜಿಟಲ್ ಸಹಿ ಇರುತ್ತದೆ, ಅದರೊಳಗೆ ಪ್ಯಾಕೇಜ್ (ತಂತ್ರಾಂಶದ ಕಟ್ಟು) ಪಟ್ಟಿಗಳ ಹ್ಯಾಶ್, ಅಂದರೆ ಕಡತದಿಂದಲೇ ಲೆಕ್ಕಹಾಕಿದ ಬೆರಳಚ್ಚಿನಂಥ ಗುರುತು, ಪಟ್ಟಿಯೊಳಗೆ ಒಂದೊಂದು ಪ್ಯಾಕೇಜಿನ ಹ್ಯಾಶ್. ನಡುವೆ ಯಾರು ಕೈಯಾಡಿಸಿದರೂ ಪ್ಯಾಕೇಜ್ ಇಳಿಸಿ ಹಾಕುವ ಎಪಿಟಿ (ಆಪ್ಟ್) ಎಂಬ ಸಾಧನ ಅಲ್ಲೇ ನಿಂತುಬಿಡುತ್ತದೆ. ಮಿರರ್ ಅರ್ಧ ತಾಳೆಯಾಗಿರುವಾಗ ಹೋದರೂ ‘ಹ್ಯಾಶ್ ಸಮ್ ಮಿಸ್‌ಮ್ಯಾಚ್’ ಎಂದು ಗದರುವುದು ಇದಕ್ಕೇ. ಗಾಬರಿಯಾಗದೆ ಒಂದೆರಡು ಗಂಟೆ ಬಿಟ್ಟು ನೋಡಿದರೆ ಸಾಮಾನ್ಯವಾಗಿ ಸರಿಹೋಗಿರುತ್ತದೆ.

ಕೊನೆಗೆ ಡೆಬಿಯನ್‌ನದೇ ಸಿಡಿಎನ್ (ಹಲವು ಊರುಗಳಲ್ಲಿ ಹರಡಿದ ಸರ್ವರ್‌ಗಳ ಜಾಲ) ವಿಳಾಸ ಹಾಕಿದೆ. ಯಾವ ಸರ್ವರ್ ಎಂದು ಆರಿಸುವ ತಲೆನೋವು ಅದರದು. ಅದೇ ಕಡತದಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ಗಳಿಗೆಂದು ಇರುವ ಸಾಲನ್ನು ಮುಟ್ಟಲಿಲ್ಲ. ಆದರೂ ಒಂದೇ ಪ್ಯಾಕೇಜನ್ನು 24 ಬಾರಿ ಊರಾಚೆಯಿಂದ ತರುವುದು ಮನಸ್ಸಿಗೆ ಒಗ್ಗಲಿಲ್ಲ. ಮೂಲೆಯಲ್ಲಿದ್ದ ಯಂತ್ರದಲ್ಲಿ ಆಪ್ಟ್ ಕ್ಯಾಷರ್ ಎನ್‌ಜಿ ಹಾಕಿ, ಉಳಿದವುಗಳ ಎಪಿಟಿಗೆ ಇದೇ ಪ್ರಾಕ್ಸಿ (ನಡುವಿನ ದಲ್ಲಾಳಿ) ಎಂದು ಒಂದೇ ಸಾಲು ಬರೆದೆ, ಪೋರ್ಟ್ 3142. ಒಮ್ಮೆ ಬಂದ ಪ್ಯಾಕೇಜನ್ನು ಅದು ತನ್ನ ಡಿಸ್ಕಿನಲ್ಲಿ ಇಟ್ಟುಕೊಂಡು ಕೇಳಿದವರಿಗೆಲ್ಲ ಹಂಚುತ್ತದೆ. ವಿಳಾಸಗಳನ್ನು ಎಚ್‌ಟಿಟಿಪಿಯಲ್ಲೇ ಬಿಟ್ಟಿದ್ದೇನೆ. ಗುಟ್ಟಾಗಿ ಮುಚ್ಚಿ ಕಳಿಸುವ ಎಚ್‌ಟಿಟಿಪಿಎಸ್ ಆದರೆ ನಡುವಿನವನಿಗೆ ಒಳಗಿರುವುದು ಕಾಣದು, ಸಂಗ್ರಹಿಸಲೂ ಆಗದು.

ಮೊದಲ ಯಂತ್ರಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡನೆಯದಕ್ಕೆ ಆಜ್ಞೆ ಕೊಟ್ಟು ಕಾಫಿಗೆಂದು ಎದ್ದೆ. ಬಾಗಿಲು ದಾಟುವ ಮೊದಲೇ ಡೌನ್‌ಲೋಡ್ ಮುಗಿದಿತ್ತು. ಮರುದಿನ ಮಾತ್ರ ಒಬ್ಬ ಉಪನ್ಯಾಸಕರು ಮನೆಯಿಂದ ಫೋನ್ ಮಾಡಿದರು: ಅವರ ಲ್ಯಾಪ್‌ಟಾಪಿಗೂ ಅದೇ ಸಾಲು ಬರೆದುಬಿಟ್ಟಿದ್ದೆ, ಅದು ಅಲ್ಲಿ ಕುಳಿತು ಲ್ಯಾಬಿನ ಮೂಲೆಯ ಯಂತ್ರವನ್ನು ಹುಡುಕುತ್ತಿತ್ತು.